ಗುಂಡಿ ದಡದಲ್ಲಿ ‘ಬಂತು’ ಅನ್ನಬೇಡಿ

ನಮ್ಮ ಮನೆಯಲ್ಲಿ ಒಂದು ಮಾತು ಆಡೋ ಹಾಗಿಲ್ಲ. ಮಳೆ ಶುರುವಾದರೆ ‘ಮಳೆ ಉಯ್ತಾ ಅದೆ’ ಅನ್ನಬೇಕು. ಬಸ್ಸು ಕಂಡರೆ ‘ಬಸ್ಸು ನಿಂತದೆ’ ಅನ್ನಬೇಕು. ಹೋದ ಕರೆಂಟು ಮತ್ತೆ ಉರಿದರೆ ‘ದೀಪ ಅತ್ಕತು’. ‘ಬಂತು’ ಅನ್ನೋ ಮಾತು ಮಾತ್ರ ನಮ್ಮ ಹೊಸಿಲು ದಾಟೋ ಹಾಗಿಲ್ಲ. ಯಾರಾದರೂ ಬಾಯಿ ತಪ್ಪಿ ಅಂದರೆ ನಾನು ಕೂತಲ್ಲಿಂದ ಎದ್ದು ಹಿಂದಕ್ಕೆ ಓಡ್ತೀನಿ. ಕೈಲಿ ಮುದ್ದೆ ತಟ್ಟೆ ಇದ್ದರೂ ಅಷ್ಟೆ. ಯಳಂದೂರಿನ ನಮ್ಮ ಬೀದಿಯವರಿಗೆಲ್ಲ ಇದು ಗೊತ್ತು. “ಮಾದಮ್ಮಜ್ಜಿ ಅಟ್ಟೀಲಿ ಎಲ್ಲಾ ಓಯ್ತದೆ ಕಣ್ರವ್ವ, ಯಾವುದೂ ಬರಕ್ಕಿಲ್ಲ” ಅಂತ ಆಡಿಕೊಂಡು ನಗ್ತಾರೆ.

ಮೊನ್ನೆ ಮೊನ್ನೆ ನನ್ನ ಮೊಮ್ಮಗಳು ಪವಿತ್ರ ಫೋನು ಹಿಡಿದುಕೊಂಡು ಒಳಕ್ಕೆ ನುಗ್ಗಿದಳು. “ಅಜ್ಜಿ, ಬಂತು” ಅಂದಳು. ನಾನು ಅವರೆಕಾಯಿ ಸುಲೀತಾ ಕೂತಿದ್ದೆ. ಮೊರ ಎಸೆದು, ಅವಳ ರಟ್ಟೆ ಹಿಡಿದು, ನಡುಬೀದಿಗೆ ಎಳಕೊಂಡು ಓಡಿದೆ. ಟೈಲರ್ ಅಂಗಡಿ ಇಟ್ಟಿರೋ ನನ್ನ ಮಗ ಸಿದ್ದರಾಜು ಹಿಂದೇನೇ ಓಡಿ ನನ್ನ ಭುಜ ಹಿಡಕೊಂಡ.

“ಅವ್ವಾ, ಮಣ್ಣಲ್ಲ ಕಣವ್ವ. ಕೆಲಸದ ಆರ್ಡರು. ನಿನ್ನ ಮೊಮ್ಮಗಳಿಗೆ ಕೆಲಸ ಆಗದೆ.”

ಅವಳು ಕಲ್ಲುಮಣ್ಣಿನ ಓದು ಓದಿದವಳು. ಹನೂರು ಸೀಮೆಯಲ್ಲಿ ಬಾಯಿ ತೆರಕೊಂಡು ಬಿದ್ದಿರೋ ಹಳೇ ಕೆಂಪುಕಲ್ಲಿನ ಗುಂಡಿಗಳನ್ನ ಒಂದೊಂದಾಗಿ ನೋಡಿ, ಯಾವುದರಲ್ಲಿ ಏನದೆ, ಯಾವುದನ್ನ ಮುಚ್ಚಬೇಕು ಅಂತ ಹೇಳೋ ಕೆಲಸ. ಅಜ್ಜಿ ಮಣ್ಣು ಜರಡಿ ಹಿಡಿದ ಕಡೆಗೇ ಮೊಮ್ಮಗಳು ಬೂಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು ಹೋಗ್ತಾಳೆ. ನಾನು ಬೀದೀಲಿ ನಿಂತು ನಕ್ಕೆ. ನಗ್ತಾ ನಗ್ತಾ ಅಲ್ಲೇ ಕೂತೆ. ನನ್ನ ಜೀವಮಾನದಲ್ಲಿ ಆ ಮಾತು ಒಂದು ಒಳ್ಳೇದನ್ನ ಕರಕೊಂಡು ನಮ್ಮ ಬಾಗಿಲಿಗೆ ನಿಂತದ್ದು ಅದೇ ಮೊದಲು. ಅವತ್ತಿನಿಂದ ಹಾಲಿನವನಿಗೂ ಹೇಳ್ತೀನಿ, ಔಷಧಿ ಅಂಗಡಿಯವನಿಗೂ ಹೇಳ್ತೀನಿ. ಸಿದ್ದರಾಜು “ಅವ್ವ, ಅವರಿಗೆ ನೆನ್ನೇನೇ ಏಳ್ದಲ್ಲ” ಅಂತಾನೆ. ಇನ್ನೊಂದು ಸಲ ಕೇಳಿದರೆ ಅವರ ಕಿವಿ ಸವೆಯುತ್ತಾ?

ಪವಿತ್ರ ಅಂದಳು: “ಅಜ್ಜಿ, ನನ್ನ ಜೊತೆ ಹೊಸಬರು ಸೇರ್ತಾ ಅವ್ರೆ. ನಮಗೆಲ್ಲ ಕಲ್ಲು ಗೊತ್ತು, ಗುಂಡಿ ಗೊತ್ತಿಲ್ಲ. ನಿನಗೆ ಗೊತ್ತಿರೋದನ್ನ ಬರಿ, ನಾನು ಕೊಂಬು ದೀರ್ಘ ತಿದ್ದಿಕೊಡ್ತೀನಿ.” ಅದಕ್ಕೆ ಬರೀತಾ ಇದ್ದೀನಿ. ಬರೆಯೋ ಕೈಗೆ ಸಂತೋಷ ಉಕ್ತಾ ಅದೆ, ಬರೆಯೋ ವಿಷಯದಲ್ಲಿ ಸಂತೋಷ ಕಮ್ಮಿ. ‘ಬಂತು’ ಅನ್ನೋ ಮಾತು ಪವಿತ್ರಳ ತಾತನನ್ನ ತಕ್ಕೊಂಡಿತು. ಅದು ಹೇಗೆ ಅಂತ ಹೇಳಬೇಕಾದರೆ ಮೊದಲು ಕಲ್ಲಿನ ವಿಷಯ ಹೇಳಬೇಕು.

ನಾನು ತಮಿಳು ಗಡಿಯ ಪಾಲಾರ್ ಕಡೆಯವಳು. ಬಂಡಳ್ಳಿ ಪಕ್ಕದ ಊರಿಗೆ ಮದುವೆ ಮಾಡಿ ಕೊಟ್ಟರು. ಮೊದಲ ಮುಂಗಾರು ಹುಯ್ದ ಬೆಳಿಗ್ಗೆ ನಮ್ಮತ್ತೆ ನನ್ನನ್ನ ರಾಗಿ ಹೊಲಕ್ಕೆ ಕರಕೊಂಡು ಹೋದರು. ಕಳೆ ಕೀಳೋಕೆ ಅಂದುಕೊಂಡಿದ್ದೆ. ಅತ್ತೆ ಬಗ್ಗಿ ಬಗ್ಗಿ ಕಲ್ಲು ಆಯ್ತಾ ಇದ್ದರು. ಒಂದನ್ನ ಎತ್ತಿ, ಸೆರಗಿನಲ್ಲಿ ಒರೆಸಿ, ನಾಲಿಗೆಯಲ್ಲಿ ನೆಕ್ಕಿ, ಬಿಸಿಲಿಗೆ ಹಿಡಿದರು. ಒಣಗಿದಾಗ ಹಳೇ ಇಟ್ಟಿಗೆ ಚೂರಿನ ಹಾಗಿದ್ದ ಕಲ್ಲು ಎಂಜಲು ತಾಕಿದ ಕೂಡಲೇ ಬಣ್ಣ ಬಿಟ್ಟಿತು. ಗುಲಾಬಿ ಬಣ್ಣ. ಹುಟ್ಟಿದ ಕೂಸಿನ ಅಂಗಾಲು ನೋಡಿದ್ದೀರಲ್ಲ, ಅದೇ ಬಣ್ಣ.

ಅದರ ಹೆಸರು ಕುರುಂದ. ತಿಳಿಯಾಗಿ, ಬಣ್ಣ ಒಳ್ಳೇದಾಗಿ ಇದ್ದರೆ ಅದನ್ನೇ ಕೆಂಪು ಅಂತ ಉಂಗುರಕ್ಕೆ ಹಾಕ್ತಾರೆ. ನಮ್ಮ ಕಡೆ ಸಿಗೋದು ಬಹಳ ಮಟ್ಟಿಗೆ ಪೂರಾ ಕೆಂಪಲ್ಲ, ಗುಲಾಬಿ. ಬೆಳಕು ಒಳಗೆ ಹೊಗದ ಮಂಕು ಕಲ್ಲು. ಮಂಕು ಅಂತ ಬಿಸಾಕಬಾರದು. ಅಂಥದ್ದರಲ್ಲಿ ಕೆಲವನ್ನ ಗುಂಡಗೆ ಸಾಣೆ ಹಿಡಿದರೆ ಬಿಸಿಲಲ್ಲಿ ಆರು ಕಾಲಿನ ನಕ್ಷತ್ರ ತೇಲ್ತದೆ. ಯಾವುದಕ್ಕೂ ಆಗದ್ದನ್ನ ಕುಟ್ಟಿ ಪುಡಿ ಮಾಡಿ ಸಾಣೆ ಚಕ್ರ ಮಾಡ್ತಿದ್ದರು. ವಜ್ರ ಬಿಟ್ಟರೆ ಇದರಷ್ಟು ಗಟ್ಟಿ ಇನ್ನೊಂದಿಲ್ಲ. ಕುಡುಗೋಲು, ಮಚ್ಚು, ಕತ್ತರಿ, ಎಲ್ಲ ಇದರ ಮುಂದೆ ಸವೆಯೋವೇ.

ಕೈಯಲ್ಲಿ ಹಿಡಿದರೆ ಅದರ ಗಾತ್ರಕ್ಕೆ ಮೀರಿದ ಭಾರ. ಪೂರ್ತಿ ಕಲ್ಲು ಸಿಕ್ಕರೆ ಆರು ಮೂಲೆ ಇರ್ತದೆ, ಪೀಪಾಯಿ ಹಾಗೆ ಹೊಟ್ಟೆ ದಪ್ಪ, ತುದಿ ಸಣ್ಣ. ಕಾಗೆಬಂಗಾರ ಮಿನುಗೋ ಕೊಳೆತ ಬಂಡೆಯಲ್ಲಿ ಹುದುಗಿರ್ತದೆ. ಬೆಣಚುಕಲ್ಲು ಇರೋ ಕಡೆ ಮಾತ್ರ ಇರಲ್ಲ. “ಬೆಣಚೂ ಅವಳೂ ಸವತೀರು, ಒಂದೇ ಅಟ್ಟೀಲಿ ಬಾಳಕ್ಕಿಲ್ಲ” ಅಂತ ನಮ್ಮತ್ತೆ ಅನ್ನೋರು. ಸಿಡಿಲು ಬಡಿದ ಜಾಗದಲ್ಲಿ ಮಣ್ಣು ಬೆಂದು ಈ ಕಲ್ಲು ಹುಟ್ಟುತ್ತೆ ಅಂತಾನೂ ಅನ್ನೋರು. ನಾನೂ ಬಹಳ ಕಾಲ ಹಾಗೇ ನಂಬಿದ್ದೆ.

ಪವಿತ್ರ ಕಾಲೇಜಿಗೆ ಸೇರಿದ ಮೇಲೆ ಕೇಳಿದೆ. ಅವಳು ನಕ್ಕಳು. “ಸಿಡಿಲಲ್ಲ ಅಜ್ಜಿ. ಮೈಲಿಗಟ್ಟಲೆ ಆಳದಲ್ಲಿ, ನೆಲದೊಳಗಿನ ಕಾವಿಗೆ ಬೆಂದು, ಮೇಲಿನ ಭಾರಕ್ಕೆ ಅದುಮಿಸಿಕೊಂಡು ಆಗೋದು. ಮೇಲಿದ್ದ ಬೆಟ್ಟ ಸವೆದೂ ಸವೆದೂ ನಿಮ್ಮ ಹೊಲಕ್ಕೆ ಸಿಕ್ಕಿದ್ದು.”

“ಸವತಿ ವಿಷ್ಯವೂ ಸುಳ್ಳಾ?”

“ಅದು ನಿಜ. ಮರಳಿನ ಅಂಶ ಜಾಸ್ತಿ ಇದ್ದರೆ ಅದು ಅಲ್ಯೂಮಿನಿಯಂನ ತನ್ನ ಜೊತೆ ಕಟ್ಟಿಕೊಂಡು ಬೇರೆ ಕಲ್ಲು ಆಗಿಬಿಡ್ತದೆ. ಮರಳು ಇಲ್ಲದ ಕಡೆ ಮಾತ್ರ ಕುರುಂದ. ಅದರೊಳಕ್ಕೆ ಒಂದು ಚೂರು ಕ್ರೋಮಿಯಂ ಸೇರಿದರೆ ಗುಲಾಬಿ, ಇನ್ನೊಂದು ಚೂರು ಸೇರಿದರೆ ಕೆಂಪು.”

“ಅಂದ್ರೆ ಮಜ್ಜಿಗೆಗೆ ಅರಿಶಿಣ ಬಿದ್ದಂಗೆ.”

“ಹೂಂ ಅಜ್ಜಿ, ಹಂಗೇ.”

ಹೊಲದಲ್ಲಿ ಆಯೋದು ಮಳೆ ಹೋದ ಮೇಲೆ ಮುಗೀತಿತ್ತು. ಆಮೇಲೆ ಗುಂಡಿ ಕೆಲಸ. ನಮ್ಮ ಯಜಮಾನರು ಗುಂಡಿ ಒಳಗೆ, ನಾನು ಮೇಲೆ ಜರಡಿಗೆ. ಅವರ ಹೆಸರು ನಾನು ಬರೆಯೋದಿಲ್ಲ, ಪವಿತ್ರ ಬೇಕಾದರೆ ಸೇರಿಸಿಕೊಳ್ಳಲಿ. ಗಂಡಸರು ಪಿಕಾಸಿಯಲ್ಲಿ ಕೊಳೆತ ಬಂಡೆ ಅಗೆದು ಮಂಕರಿಗೆ ತುಂಬೋರು. ಮಂಕರಿ ಹಗ್ಗದಲ್ಲಿ ಮೇಲಕ್ಕೆ. ಹೆಂಗಸರು ಜರಡಿ ಆಡಿಸಿ, ನೀರಲ್ಲಿ ಅದ್ದಿ, ಕಲ್ಲು ಹೆಕ್ಕೋರು. ಉಳಿದ ಮಣ್ಣನ್ನ ಗುಂಡಿ ದಡದಲ್ಲೇ ಗುಡ್ಡೆ ಹಾಕ್ತಿದ್ದೆವು. ದೂರ ಹೊತ್ತುಹಾಕೋಕೆ ಆಳು ಬೇಕು, ಆಳು ಇರಲಿಲ್ಲ. ಗುಂಡಿ ಆಳ ಆದಷ್ಟೂ ದಡದ ಗುಡ್ಡೆ ಎತ್ತರ. ಹೊಸಬರು ಇದನ್ನ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಯಾವ ಹಳೇ ಗುಂಡಿಯ ದಡವೂ ನೆಲ ಅಲ್ಲ, ಅದು ಸುರಿದ ಮಣ್ಣು. ಮೇಲೆ ಹುಲ್ಲು ಬೆಳೆದಿರ್ತದೆ, ನೆಲದ ಹಾಗೇ ಕಾಣ್ತದೆ.

ಮೇಸ್ತ್ರಿ ಮುನಿಸಾಮಿ ನಮ್ಮ ಪಾಲಾರ್ ಕಡೆಯವರೇ. ಅರ್ಧ ತಮಿಳು, ಅರ್ಧ ಕನ್ನಡ. ಕೆಟ್ಟವರಲ್ಲ, ಹೆದರಿಕೆಯವರು. ಗುತ್ತಿಗೆ ಹಿಡಿದಿದ್ದ ಸಾವ್ಕಾರರ ಜೀಪಿನ ಸದ್ದಾದರೆ ಹೆಗಲ ಮೇಲಿನ ಟವಲು ಕೈಗಿಳೀತಿತ್ತು. ಗುಂಡಿಗೆ ಅವರು ಒಂದು ಕಟ್ಟು ಹಾಕಿದ್ದರು. ಗುಂಡಿಯಲ್ಲಿ ಕಲ್ಲಿನ ಹೆಸರು ಹೇಳಬಾರದು. ಹೇಳಿದರೆ ಅವಳು, ಆ ಕಲ್ಲು, ಇನ್ನೂ ಆಳಕ್ಕೆ ಇಳೀತಾಳೆ. ನನ್ನ ಜೊತೆ ಜರಡಿ ಹಿಡೀತಿದ್ದವಳು ಕೆಂಪಮ್ಮ. ಅವಳ ಹೆಸರಲ್ಲೇ ಕೆಂಪು ಇತ್ತಲ್ಲ, ಅದಕ್ಕೆ ಗುಂಡಿ ಹತ್ತಿರ ಅವಳನ್ನ ಕರಿಯಮ್ಮ ಅಂತ ಕೂಗೋರು. “ನಮ್ಮಪ್ಪ ಬಣ್ಣ ನೋಡಿ ಎಸರಿಟ್ಟಿದ್ದ, ಈ ಮೇಸ್ತ್ರಿ ಕೂಲಿ ಕೊಟ್ಟು ಕರಿ ಮಾಡ್ಬುಟ್ಟ” ಅಂತ ಅವಳು ನಗಾಡೋಳು. ಒಂದು ಸಲ ಅವಳು ಇದು ಎಷ್ಟು ಗಟ್ಟಿ ನೋಡೋಣ ಅಂತ ಕಲ್ಲು ತಕ್ಕೊಂಡು ಸಾವ್ಕಾರರ ಜೀಪಿನ ಗಾಜಿನ ಮೇಲೆ ಕೋಳಿ ಬರೆದುಬಿಟ್ಟಳು. ಎಷ್ಟು ಉಜ್ಜಿದರೂ ಆ ಕೋಳಿ ಹೋಗಲೇ ಇಲ್ಲ. ಸಾವ್ಕಾರರು ಅದೇ ಕೋಳಿ ಇಟ್ಟುಕೊಂಡು ಕೊಳ್ಳೇಗಾಲಕ್ಕೆಲ್ಲ ಓಡಾಡಿದರು.

ಇನ್ನೊಂದು ಕಟ್ಟು ಇತ್ತು. ಕೆಳಗೆ ಒಳ್ಳೇ ಕಲ್ಲು ಕಂಡರೆ ಒಂದೇ ಒಂದು ಸಲ “ಬಂತು” ಅನ್ನಬೇಕು. ಮೇಲಿಂದ ಮೇಸ್ತ್ರಿ ತಮಿಳಲ್ಲಿ “ವಂದಾಚ್ಚಾ”, ಬಂತಾ, ಅನ್ನೋರು. ಅಷ್ಟರಲ್ಲಿ ನಾವೆಲ್ಲ ಜರಡಿ ಬಿಟ್ಟು ಓಡಿ ದಡದ ಸುತ್ತ ನಿಲ್ಲಬೇಕು. ಕಲ್ಲು ಕಂಡವನ ಕೈ ಮೇಲೆ ಎಲ್ಲರ ಕಣ್ಣೂ ಇರಬೇಕು, ಅದು ಮೇಸ್ತ್ರಿ ಅಂಗೈಗೆ ಸೇರೋ ತನಕ. ಬಾಯಿಗೆ ಹಾಕಿಕೊಂಡಾರು, ಪಂಚೆ ಮಡಿಕೆಗೆ ಸೇರಿಸಿಯಾರು ಅನ್ನೋ ಅನುಮಾನ. “ಕಣ್ಣು ಜಾಸ್ತಿ ಇದ್ರೆ ಕೈ ನೇರ ಇರ್ತದೆ ಮಾ” ಅನ್ನೋರು ಮುನಿಸಾಮಿ. ತಡವಾಗಿ ಓಡಿದವಳಿಗೆ ಬೈಗುಳ. ನಾವು ಓಡ್ತಿದ್ದೆವು. ಓಡಿ ಓಡಿ ಅದು ಕಾಲಿಗೆ ಅಭ್ಯಾಸ ಆಗಿಹೋಗಿತ್ತು, ಕಿವಿ ಕೇಳಿದರೆ ಸಾಕು, ಕಾಲು ತಾನಾಗಿ ಹೊರಡ್ತಿತ್ತು.

ಆ ವರ್ಷ ಒಂದು ಎಡವಟ್ಟು ಆಯಿತು. ಕಲ್ಲು ಕಾಯಿಸಿದರೆ ಬಣ್ಣ ಏರ್ತದೆ ಅಂತ ಸಾವ್ಕಾರರಿಗೆ ಯಾರೋ ಹೇಳಿದ್ದರು. ಹೇಳಿದ್ದು ಸುಳ್ಳಲ್ಲ, ಬಲ್ಲವರು ಕಾಯಿಸ್ತಾರೆ. ನಿಧಾನವಾಗಿ ಕಾವು ಏರಿಸಿ, ನಿಧಾನವಾಗಿ ಇಳಿಸ್ತಾರೆ. ಸಾವ್ಕಾರರಿಗೆ ತಾಳ್ಮೆ ಎಲ್ಲಿತ್ತು. ವರ್ಷಪೂರ್ತಿ ಕೂಡಿಟ್ಟಿದ್ದ ಕಲ್ಲನ್ನೆಲ್ಲ ಮಡಕೆಗೆ ಹಾಕಿ, ಇದ್ದಿಲ ಒಲೆ ಮೇಲಿಟ್ಟು, ತಿದಿ ಒತ್ತಿಸಿ, ಕೆಂಡದ ಹಾಗಾದ ಮೇಲೆ ನೀರಿಗೆ ಸುರಿಸಿದರು. ಹುರಿಗಡಲೆ ಸಿಡಿದ ಹಾಗೆ ಚಟಪಟ ಅಂದವು. ಬಗ್ಗಿ ನೋಡಿದರೆ ಬಾನಿ ತುಂಬ ಬಿರುಕು ಬಿಟ್ಟ ಚೂರು. ಕೆಂಪಮ್ಮ ಮೆಲ್ಲಗೆ “ಉಪ್ಪು ಖಾರ ಆಕಿ ತಿನ್ನಬೋದು” ಅಂದಳು. ನಾನು ಅವಳ ತೊಡೆ ಜಿಗುಟಿದೆ.

ಹೋದದ್ದನ್ನ ತುಂಬಿಕೊಳ್ಳೋಕೆ ಸಾವ್ಕಾರರು ಮಳೆಗಾಲದಲ್ಲೂ ಗುಂಡಿ ನಿಲ್ಲಿಸಬಾರದು ಅಂದರು. ಅಲ್ಲೀವರೆಗೆ ಮಳೆ ಹಿಡಿದರೆ ಗುಂಡಿಗೆ ರಜಾ ಇತ್ತು.

ಆ ಬೆಳಿಗ್ಗೆ ಬಿಸಿಲಿತ್ತು. ಹಿಂದಿನ ದಿನಗಳಲ್ಲಿ ಮಳೆ ಚೆನ್ನಾಗಿ ಹುಯ್ದಿತ್ತು. ಯಜಮಾನರು ಇಳಿಯೋಕೆ ಮುಂಚೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡಿದರು.

“ಮೇಸ್ತ್ರಿ, ಬಡಗಡೆ ಗ್ವಾಡೆ ಬೆವರ್ತಾ ಅದೆ. ಈವತ್ತು ಬ್ಯಾಡ.”

“ಸಾವ್ಕಾರ್ ಬರ್ತಾರಪ್ಪ. ಮಧ್ಯಾನಗಂಟ ಮಾತ್ರ. ಅಪ್ಪುರಂ ನಾನೇ ನಿಲ್ಸಿಬುಡ್ತೀನಿ.”

“ನೀವು ಇಳೀರಿ ಅಂಗಾರೆ.”

ಮುನಿಸಾಮಿ ಜೀಪಿನ ದಾರಿ ಕಡೆ ತಿರುಗಿಕೊಂಡರು. ಯಜಮಾನರು ನನ್ನ ಕಡೆ ತಿರುಗಿ, ಮಗ ಎಲ್ಲಿ ಅಂದರು. ಸಿದ್ದರಾಜು ಆಗ ತೊಟ್ಟಿಲ ಕೂಸು, ಹೊಂಗೆ ಮರಕ್ಕೆ ಕಟ್ಟಿದ ಸೀರೆ ಜೋಲಿಯಲ್ಲಿ ಮಲಗಿತ್ತು. ಜೋಲಿ ಒಂದು ಸಲ ತೂಗಿಬಿಟ್ಟು ಅವರು ಹಗ್ಗ ಹಿಡಿದು ಇಳಿದರು. ಜೊತೆಗೆ ಅವರ ಚಿಕ್ಕಪ್ಪನ ಮಗ ಚಿಕ್ಕಮಾದ.

ಟೀ ಹೊತ್ತಿಗೆ ಸರಿಯಾಗಿ ಕೆಳಗಿಂದ ಅವರ ದನಿ ಕೇಳಿಸಿತು. “ಬಂತು.” ನಮ್ಮ ಕಾಲು ಹೊರಟವು. ಅವರು ಮತ್ತೆ ಕೂಗಿದರು, “ಬಂತು, ಬಂತು.” ಕಲ್ಲಿಗೆ ಯಾವತ್ತೂ ಒಂದೇ ಸಲ. ಈ ಸಲ ಯಾಕೆ ಮತ್ತೆ ಮತ್ತೆ ಅಂತ ಯಾರ ತಲೆಗೂ ಹೊಳೆಯಲಿಲ್ಲ. ದೊಡ್ಡ ಕಲ್ಲು ಇರಬೇಕು ಅಂತ ಇನ್ನೂ ಜೋರಾಗಿ ಓಡಿದೆವು. ಮುನಿಸಾಮಿ “ವಂದಾಚ್ಚಾ, ವಂದಾಚ್ಚಾ” ಅಂತ ನಗ್ತಾ ನಗ್ತಾ ದಡಕ್ಕೆ ನಿಂತರು. ಹೆಂಗಸರೆಲ್ಲ ಬಡಗಡೆ ಗುಡ್ಡೆ ಮೇಲೆ ಹತ್ತಿ ಬಗ್ಗಿದೆವು. ಒಳಗೆ ಅವರು ಎರಡು ಕೈಯೂ ಮೇಲೆತ್ತಿ ನಮ್ಮನ್ನ ಆಚೆಗೆ, ಆಚೆಗೆ ಅಂತ ತಳ್ಳೋ ಹಾಗೆ ಬೀಸ್ತಾ ಇದ್ದರು. ನನಗೆ ಅದು ಕರೆಯೋ ಹಾಗೆ ಕಾಣಿಸಿತು.

ಅವರು ಹೇಳಿದ್ದು ಮಣ್ಣಿನ ವಿಷಯ. ಗೋಡೆಯಿಂದ ಮಣ್ಣು ಉದುರೋಕೆ ಶುರುವಾಗಿತ್ತು. ಮಣ್ಣು ಬಂತು, ದೂರ ಹೋಗಿ ಅಂತ. ನಮ್ಮ ಕನ್ನಡದಲ್ಲಿ ಕಲ್ಲಿಗೂ ಅದೇ ಮಾತು, ಮಣ್ಣಿಗೂ ಅದೇ ಮಾತು.

ನಮ್ಮ ಭಾರಕ್ಕೆ ಗುಡ್ಡೆ ಜಾರಿತು. ನಾನು ಹಿಂದಕ್ಕೆ ಬಿದ್ದೆ. ಕೆಂಪಮ್ಮ ಮಣ್ಣಿನ ಜೊತೆಗೇ ಇಳಿದುಹೋಗಿ ಸೊಂಟದ ತನಕ ಹೂತಳು. ಚಿಕ್ಕಮಾದನ ಕೈಗೆ ಹಗ್ಗ ಸಿಕ್ಕಿತ್ತು, ಅವನನ್ನ ಎಳೆದರು. ಆಮೇಲೆ ಅವನೇ ಹೇಳಿದ್ದು: “ಅತ್ತಿಗೆ, ಅಣ್ಣ ಅಗ್ಗಾನ ನನ್ನ ಕೈಗೆ ಕೊಟ್ಟು ನಿಮ್ಮನ್ನ ಓಡಿಸ್ತಾ ನಿಂತ್ಕಬುಟ್ಟ.”

ಜೋಲಿಯಲ್ಲಿ ಕೂಸು ಎದ್ದು ಅಳ್ತಿತ್ತು. ನಾವು ಮಂಕರಿಯಲ್ಲಿ, ಜರಡಿಯಲ್ಲಿ, ಬರಿಗೈಯಲ್ಲಿ ತೋಡಿದೆವು. ಪಿಕಾಸಿ ಹಾಕೋ ಹಾಗಿಲ್ಲ, ಎಲ್ಲಿ ತಾಕೀತೋ ಗೊತ್ತಿಲ್ಲ. ಅವರು ಸಿಕ್ಕಾಗ ಬಿಸಿಲು ಇಳಿದಿತ್ತು. ಮೇಲಕ್ಕೆ ತಂದು ಹೊಂಗೆ ಮರದ ಕೆಳಗೆ ಮಲಗಿಸಿದರು. ಅವರ ಬಲಗೈ ಮುಷ್ಟಿ ಕಟ್ಟಿತ್ತು. ಅಷ್ಟು ಹೊತ್ತಿಗೆ ಸಾವ್ಕಾರರೂ ಇದ್ದರು. ಅವರು ಮುನಿಸಾಮಿ ಮುಖ ನೋಡಿದರು. ಮುನಿಸಾಮಿ ಮೊಣಕಾಲೂರಿ, ನಾನು ಸೆರಗು ಹೊದಿಸೋಕೆ ಮುಂಚೆ, ಆ ಮುಷ್ಟೀನ ಒಂದೊಂದೇ ಬೆರಳಾಗಿ ಬಿಡಿಸಿದರು.

ಮಣ್ಣು ಇತ್ತು.

ಮಗನನ್ನ ಸಾಕಬೇಕಿತ್ತು, ನಾನು ಮತ್ತೆ ಗುಂಡಿಗೇ ಹೋದೆ. ಬೇರೆ ಗುಂಡಿ, ಅದೇ ಮೇಸ್ತ್ರಿ. ಮೊದಲನೇ ದಿನವೇ ಅವರನ್ನ ಕೇಳಿದೆ.

“ಮೇಸ್ತ್ರಿ, ಕಲ್ಲಿಗೆ ಬ್ಯಾರೆ ಮಾತು ಮಾಡಿ. ಆ ಮಾತು ಮಣ್ಣಿಗೆ ಇರ್ಲಿ. ಅದು ಕೇಳಿದ್ರೆ ಎಲ್ಲರೂ ಹಿಂದಕ್ಕೆ ಓಡಬೇಕು.”

“ವಾಡಿಕೆ ಮಾ. ಮಾತು ಬದಲಾಯ್ಸಿದ್ರೆ ಕಲ್ಲು ಓಡೋಯ್ತದೆ.”

“ಮಾತು ಬದಲಾಯ್ಸದೆ ನನ್ನ ಗಂಡ ಓದ್ರಲ್ಲ.”

ಅವರು ಟವಲು ಕೊಡವಿಕೊಂಡು ಆ ಕಡೆ ಹೋದರು. ನಾನು ಜಗಳ ಆಡಲಿಲ್ಲ. ಅವತ್ತು ಮಧ್ಯಾಹ್ನ ಕೆಳಗಿಂದ “ಬಂತು” ಅಂದರು. ಎಲ್ಲರೂ ದಡಕ್ಕೆ ಓಡಿದರು, ನಾನು ಹಿಂದಕ್ಕೆ ಓಡಿದೆ. ದೂರದ ಒಂದು ಮರದ ತನಕ ಓಡಿ ನಿಂತೆ. ಮರುದಿನವೂ ಅದೇ. ನನಗೆ ಏಡಿ ಮಾದಮ್ಮ ಅಂತ ಹೆಸರಾಯಿತು. “ಏಡಿ ಬುಟ್ರು, ಬುಟ್ಟಿ ಮುಚ್ಚಿ” ಅಂತ ಕೂಗೋರು. ಕೂಲಿ ಹಿಡಿದುಕೊಂಡರು. ಕಲ್ಲು ಕದ್ದು ಓಡ್ತಾಳೆ ಅಂತ ಸೆರಗು ಕೊಡವಿಸಿದರು. ನಾನು ಓಡೋದು ಬಿಡಲಿಲ್ಲ.

ಆಮೇಲೆ ಕೆಂಪಮ್ಮ ಕೆಲಸಕ್ಕೆ ತಿರುಗಿ ಸೇರಿದಳು. ಅವಳ ಒಂದು ಕಾಲು ಸೊಟ್ಟ ಆಗಿತ್ತು. ಕೆಳಗಿಂದ ಕೂಗು ಕೇಳಿದಾಗ ಅವಳು ಕುಂಟಿಕೊಂಡು ನನ್ನ ಹಿಂದೆ ಓಡಿದಳು. ಮೇಸ್ತ್ರಿ “ಏ ಕರಿಯಮ್ಮ, ಎಲ್ಲಿಗೆ” ಅಂದರೆ, “ಏಡಿಗೆ ಎಂಟು ಕಾಲು ಬೇಕಲ್ಲ ಸಾ, ಸೊಟ್ಟುದ್ದೂ ಲೆಕ್ಕಕ್ಕೆ ಸೇರ್ತದೆ” ಅಂದಳು. ಅವಳನ್ನ ನೋಡಿ ಇನ್ನೊಬ್ಬಳು ಓಡಿದಳು, ಅವಳ ಹಿಂದೆ ಅವಳ ನಾದಿನಿ. ಸ್ವಲ್ಪ ದಿನದಲ್ಲಿ ದಡದಲ್ಲಿ ಮುನಿಸಾಮಿ ಒಬ್ಬರೇ ನಿಲ್ಲೋ ಹಾಗಾಯಿತು. ಒಬ್ಬರೇ ನಿಂತಾಗ ಅವರೂ ಒಂದು ಸಲ ಕಾಲ ಕೆಳಗೆ ನೋಡಿಕೊಂಡಿರಬೇಕು.

ಒಂದು ದಿನ ಜರಡಿ ಹತ್ತಿರ ಬಂದು ಕೂತರು. “ಸರಿ ಮಾ. ಇನ್ನು ಕಲ್ಲಿಗೆ ‘ಕೂಸು ಅದೆ’ ಅನ್ನಿ. ಕೂಸು ಮಲಗಿರೋ ಕಡೆ ಯಾರೂ ದಡಬಡ ಓಡಕ್ಕಿಲ್ಲ. ಮೆಲ್ಲಗೆ ಒಬ್ರು ಓಗಿ ನೋಡಿದ್ರೆ ಸಾಕು.” ಆ ಮುಷ್ಟಿ ಬಿಡಿಸಿದ ಕೈಯನ್ನ ಅವರು ಟವಲಿನಲ್ಲಿ ಸುತ್ತಿಕೊಂಡರು. ನಾನು ನೋಡದ ಹಾಗೆ ಜರಡಿ ಆಡಿಸಿದೆ.

ಆ ಗುಂಡಿಯ ಮಣ್ಣೂ ಒಂದು ದಿನ ಕುಸಿಯಿತು. ಕೆಳಗಿದ್ದವನು “ಬಂತು” ಅಂದ, ಮೇಲಿದ್ದವರೆಲ್ಲ ಹಿಂದಕ್ಕೆ ಓಡಿದರು. ದಡದ ಮೇಲೆ ಭಾರ ಇರಲಿಲ್ಲ, ಕುಸಿದದ್ದು ಒಂದು ಮೂಲೆ ಮಾತ್ರ. ಅವನು ಹಗ್ಗ ಹಿಡಿದು ಮೇಲೆ ಹತ್ತಿ ಕೂತ, ಮೈಯೆಲ್ಲ ಕೆಂಪು ಮಣ್ಣು, ಬರೀ ಕಣ್ಣು ಕಾಣೋದು. ಸಾವ್ಕಾರರು ಗುಂಡಿ ಕೈಬಿಟ್ಟರು. ನಮ್ಮ ಕೂಲಿಯೂ ಅಲ್ಲಿಗೆ ಮುಗಿಯಿತು. ಮುನಿಸಾಮಿ ಪಾಲಾರ್ ದಾಟಿ ಹೋದವರು ಮತ್ತೆ ಕಾಣಲಿಲ್ಲ.

ನಾನೂ ಕೆಂಪಮ್ಮನೂ ಕೊಳ್ಳೇಗಾಲದ ಸಾಣೆ ಶೆಡ್ಡಿಗೆ ಸೇರಿದೆವು. ಗುಂಡಿ ಇಲ್ಲ, ದಡ ಇಲ್ಲ, ತಲೆ ಮೇಲೆ ತಗಡು. ಬದುಕಿದೆವು ಅಂದುಕೊಂಡೆವು. ಕುರುಂದವನ್ನ ಕಬ್ಬಿಣದ ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಕಾದ ಅರಗಿಗೆ ಕಲಸಿ ಚಕ್ರ ಮಾಡೋ ಕೆಲಸ. ಕುಟ್ಟಿದ್ದೆಲ್ಲ ಒಣಗಿದ್ದು. ಕಲ್ಲಿನ ಜೊತೆ ಅಂಟಿಕೊಂಡ ಬಂಡೆಯೂ ಪುಡಿ ಆಗೋದು. ಬಾಗಿಲು ತೆಗೆದರೆ ಪುಡಿ ಹಾರಿಹೋಗ್ತದೆ ಅಂತ ಬಾಗಿಲು ಹಾಕಿರೋರು. ತಗಡಿನ ತೂತಲ್ಲಿ ಬಿಸಿಲು ಕೋಲು ಇಳಿದರೆ ಅದರೊಳಗೆ ದೂಳು ಗುಲಾಬಿ ಬಣ್ಣಕ್ಕೆ ತೇಲೋದು. ನೋಡೋಕೆ ಚೆಂದ. ಸಂಜೆ ನಮ್ಮ ರೆಪ್ಪೆ, ಹುಬ್ಬು, ತಲೆಕೂದಲು ಎಲ್ಲ ಅದೇ ಬಣ್ಣ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಜನ ಓಕುಳಿ ಆಡಿ ಬಂದವರು ಅಂದುಕೊಳ್ಳೋರು.

ಸೂಪರ್‌ವೈಜರು ಒಬ್ಬರಿದ್ದರು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಅನ್ನೋರು. ಅವರೂ ಕಟ್ಟುತ್ತಿರಲಿಲ್ಲ. ಒರಳಿನ ಮುಂದೆ ಬಟ್ಟೆ ಕಟ್ಟಿದರೆ ಉಸಿರೇ ಆಡದು. ಒಬ್ಬೊಬ್ಬರೇ ಕೆಮ್ಮೋಕೆ ಶುರು ಮಾಡಿದರು. ಮೊದಲು ಒರಳಿನವರು, ಆಮೇಲೆ ಸೋಸೋರು. ಟಿ.ಬಿ. ಅಂತ ಮಾತ್ರೆ ನುಂಗಿದರು, ವಾಸಿ ಆಗಲಿಲ್ಲ. ಸೂಪರ್‌ವೈಜರು ಕುರ್ಚಿಯಲ್ಲೇ ಕೂತು ಕೆಮ್ಮಿ ಕೆಮ್ಮಿ ಒಂದು ದಿನ ರಜಾ ಹಾಕಿದವರು ತಿರುಗಿ ಬರಲಿಲ್ಲ. ನಾನು ಅರಗು ಕಾಯಿಸೋ ಒಲೆ ಹತ್ತಿರ, ಶೆಡ್ಡಿನ ಹಿಂಬದಿ ಬಯಲಲ್ಲಿ ಇದ್ದೆ. ನಾನು ಉಳಿದಿರೋದು ಆ ಒಲೆಯ ಪುಣ್ಯ. ಮೆಟ್ಟಿಲು ಹತ್ತಿದರೆ ಮಾತ್ರ ಎದೆ ಗೊರಗೊರ ಅಂತದೆ.

ಕೆಂಪಮ್ಮ ಒರಳಿನವಳು. ಕೊನೆಗೆ ಗೋಡೆಗೆ ಒರಗಿಕೊಂಡೇ ನಿದ್ದೆ, ಮಲಗಿದರೆ ಉಸಿರು ಕಟ್ಟೋದು. ಮುದ್ದೆ ಕಲಸಿಕೊಂಡು ಹೋಗಿ ತಿನ್ನಿಸ್ತಿದ್ದೆ.

“ಏಡಿ,” ಅಂದಳು ಒಂದು ದಿನ, “ನಮ್ಮಪ್ಪ ಕೆಂಪಮ್ಮ ಅಂದ. ಮೇಸ್ತ್ರಿ ಕರಿಯಮ್ಮ ಅಂದ. ಈಗ ನೋಡು, ಕೆಮ್ಮಮ್ಮ ಆದೆ.”

“ಸುಮ್ಕಿರವ್ವ, ಮಾತಾಡಬ್ಯಾಡ.”

“ಮಣ್ಣು ಬರೋದಾದ್ರೆ ಕೂಗ್ತದೆ, ಓಡಬೋದು. ಈ ದೂಳು ಕೂಗನಿಲ್ಲ ಕಣೆ.”

ಅವಳು ಹೋಗಿ ಎಷ್ಟೋ ಮಳೆ ಆದವು. ಆ ಮಾತು ಮಾತ್ರ ನನ್ನ ಕಿವಿಯಲ್ಲೇ ಅದೆ. ಗುಂಡಿ ಬಿಟ್ಟುಕೊಟ್ಟವಳನ್ನ ದೂಳು ತಕ್ಕೊಂಡಿತು.

ಅವಳು ಹೋದ ಮೇಲೆ ಶೆಡ್ಡಿಗೆ ನಲ್ಲಿ ಹಾಕಿಸಿದರು. ಕಲ್ಲನ್ನ ನೀರು ತೊಟ್ಟಿಕ್ಕಿಸಿ ಅರೆಯೋ ಮಿಷನ್ನು ಕೂತಿತು. ದೂಳೆಲ್ಲ ಕೆಸರಾಗಿ ಕೆಳಗೇ ಉಳಿಯೋದು. ಅಷ್ಟೇ ವಿದ್ಯೆ, ನೀರು. ನಮ್ಮ ಪಕ್ಕದಲ್ಲೇ ಇತ್ತು. ಆಮೇಲೆ ಫ್ಯಾಕ್ಟರಿ ಚಕ್ರ ಅಗ್ಗಕ್ಕೆ ಸಿಗೋಕೆ ಶುರುವಾಗಿ ನಮ್ಮ ಚಕ್ರ ಕೇಳೋರಿಲ್ಲದೆ, ಶೆಡ್ಡು ಮಣಿ ಉಜ್ಜೋದಕ್ಕೆ ತಿರುಗಿ, ಕಡೆಗೆ ಬೀಗ ಬಿತ್ತು. ನಾನು ಮಗನ ಮನೆಗೆ ಯಳಂದೂರಿಗೆ ಸೇರಿದೆ.

ಹೊಸಬರಿಗೆ ಇಷ್ಟೇ ನಾನು ಹೇಳೋದು. ಕಲ್ಲು ನೆಕ್ಕಬೇಡಿ, ನೀರಿನ ಬಾಟಲು ಇಟ್ಟುಕೊಳ್ಳಿ. ಒಡೆಯೋಕೆ ಮುಂಚೆ ನೆನೆಸಿ. ಬೆವರೋ ಗೋಡೆ ಕಂಡರೆ ಯಾವ ಸಾಹೇಬರ ಜೀಪು ಬರ್ತಾ ಇದ್ದರೂ ಇಳೀಬೇಡಿ. ದಡದಲ್ಲಿ ಗುಂಪಾಗಿ ನಿಲ್ಲಬೇಡಿ. ಆ ಒಂದು ಮಾತು ಕೇಳಿಸಿದರೆ ಏನು, ಯಾಕೆ ಅಂತ ಬಗ್ಗಿ ನೋಡಬೇಡಿ. ಹಿಂದಕ್ಕೆ ಓಡಿ. ನಗೋರು ನಗಲಿ.

ಇಷ್ಟು ಬರೆದು ಮುಗಿಸಿದ್ದೆ. ಪವಿತ್ರ ಕೆಲಸಕ್ಕೆ ಹೋದ ಮೊದಲನೇ ದಿನದ್ದನ್ನ ಸೇರಿಸದೆ ಹೇಗೆ ಬಿಡಲಿ.

ನಾನು ಅವಳಿಗೆ ಬುತ್ತಿ ಕಟ್ಟಿಕೊಟ್ಟು ಬಸ್‌ಸ್ಟ್ಯಾಂಡಿನ ತನಕ ಹೋದೆ. ಕೊಳ್ಳೇಗಾಲದ ಬಸ್ಸು ಕಂಡ ಕೂಡಲೇ ಜನ ಎಲ್ಲ ಒಂದೇ ಬಾಯಿಗೆ ಆ ಮಾತು ಕೂಗಿದರು. ನಾನು ಹೂವಿನ ಅಂಗಡಿ ತನಕ ಹಿಂದಕ್ಕೆ ಓಡಿ ನಿಂತೇ ಮೊಮ್ಮಗಳಿಗೆ ಕೈಬೀಸಿದೆ. ಅವಳು ಕಿಟಕಿಯಲ್ಲಿ ನಗ್ತಾ ಹೋದಳು. ಅವಳು ಹೋದ ಮೇಲೆ ನನ್ನ ಸಂತೋಷ ಎಲ್ಲಿ ಅಡಗಿತೋ. ಇಡೀ ದಿನ ಕೂತಲ್ಲಿ ಕೂರಲಿಲ್ಲ. ಒಲೆ ಮೇಲೆ ಸಾರು ಸೀದಿತು. ಸಿದ್ದರಾಜು “ಫೋನ್ ಮಾಡ್ಲವ್ವ?” ಅಂದ. ಬೇಡ ಅಂದೆ. ದಡದಲ್ಲಿ ನಿಂತಿರೋ ಹೊತ್ತಲ್ಲಿ ಫೋನ್ ರಿಂಗಾದರೆ.

ಹೊತ್ತು ಮುಳುಗೋಕೆ ಮುಂಚೆ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮೈಯೆಲ್ಲ ಕೆಂಪು ದೂಳು, ಟೋಪಿ ಕೈಯಲ್ಲಿ. ಜಗುಲಿ ಮೇಲೆ ಕೂತಳು.

“ಅಜ್ಜಿ, ಈವತ್ತು ಎಲ್ಲಾರ ಮುಂದೆ ನನ್ನ ಮಾನ ಕಳೆದೆ ನೀನು.”

“ನಾನೇನ್ ಮಾಡ್ದೆ ಮಗಾ?”

“ಬಂಡಳ್ಳಿ ಹತ್ರ ಒಂದು ಹಳೇ ಗುಂಡಿ. ನಾವು ಮೂರು ಜನ ದಡದಲ್ಲಿ ನಿಂತು ಬಗ್ಗಿ ನೋಡ್ತಿದ್ವಿ. ಹಿಂದಿಂದ ಡ್ರೈವರಣ್ಣ ‘ಮೇಡಂ, ಟೀ ಬಂತು’ ಅಂದ. ನನಗೆ ಗೊತ್ತೇ ಆಗಲಿಲ್ಲ ಅಜ್ಜಿ, ಪಕ್ಕದವರಿಬ್ಬರ ಬ್ಯಾಗು ಹಿಡಿದು ಎಳಕೊಂಡು ಹಿಂದಕ್ಕೆ ಓಡಿಬಿಟ್ಟೆ. ಒಬ್ಬಳು ಕೆಳಕ್ಕೆ ಬಿದ್ದಳು. ಡ್ರೈವರಣ್ಣ ‘ಟೀ ಅಂದ್ರೆ ಇಷ್ಟು ಆಸೆನಾ’ ಅಂತ ನಕ್ಕ.”

“ಆಮ್ಯಾಕೆ?”

“ಆಮೇಲೆ ತಾತನ ವಿಷಯ ಹೇಳಿದೆ. ಗುಂಡಿಯ ಆಚೆ ಮಗ್ಗುಲಿಗೆ ಸುತ್ತಿ ಹೋಗಿ, ದೂರ ನಿಂತು, ನಾವು ನಿಂತಿದ್ದ ಜಾಗ ನೋಡಿದ್ವಿ.” ಅವಳು ಟೋಪಿ ಪಕ್ಕಕ್ಕಿಟ್ಟಳು. “ನಮ್ಮ ಕಾಲ ಕೆಳಗೆ ಮಣ್ಣೇ ಇರಲಿಲ್ಲ ಅಜ್ಜಿ. ಮೇಲೆ ಹುಲ್ಲು, ಕೆಳಗೆ ಬರೀ ಬೇರು. ಒಳಗೆಲ್ಲ ಪೊಳ್ಳು.”

ಸಿದ್ದರಾಜು ಬಾಗಿಲಲ್ಲಿ ನಿಂತು ಕೇಳ್ತಾ ಇದ್ದವನು ಹೊಸಿಲ ಮೇಲೆ ಕೂತುಬಿಟ್ಟ. ಅಪ್ಪ ಮಣ್ಣಾದಾಗ ಜೋಲಿಯಲ್ಲಿ ಇದ್ದ ಕೂಸು ಅದು.

“ಕೂಸು ಇತ್ತಾ?” ಅಂತ ಕೇಳಿದೆ.

“ಅದೆ ಅಜ್ಜಿ. ಆಚೆ ಗೋಡೇಲಿ, ಕಾಗೆಬಂಗಾರದ ನಡುವೆ. ನೀನು ಹೇಳ್ತೀಯಲ್ಲ, ಅಂಗಾಲಿನ ಬಣ್ಣ. ಮಲಗಿತ್ತು, ಎಬ್ಬಿಸಲಿಲ್ಲ. ಸುತ್ತ ಹಗ್ಗ ಕಟ್ಟಿ, ಯಾರೂ ಹತ್ರ ಹೋಗದ ಹಾಗೆ ಮಾಡಿ ಬಂದ್ವಿ.”

ಅವಳ ಬಲಗೈ ತಕ್ಕೊಂಡು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಬೆರಳು ಒಂದೊಂದಾಗಿ ಬಿಡಿಸಿದೆ. ಅವಳು ಬಿಡಿಸಗೊಟ್ಟಳು. ಅಂಗೈ ಗೆರೆಯಲ್ಲೆಲ್ಲ ಮಣ್ಣು ಇತ್ತು. ಕೈ ಬೆಚ್ಚಗಿತ್ತು.

“ತೊಳ್ಕ ಓಗು ಮಗಾ,” ಅಂದೆ. “ಸಾರು ಒಸಿ ಸೀದದೆ. ಉಣ್ಣಕ್ಕಿಡ್ತೀನಿ.”